ಆದದ್ದನ್ನು ಮತ್ತೆ ಓಡಿಸಬಾರದು

ಪುತ್ತೂರಿನ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಎಟಿಎಮ್ ಉಂಟು. ಹೊರಗೆ ಮಧ್ಯಾಹ್ನದ ಬಿಸಿಲು, ಡೀಸೆಲ್ ಹೊಗೆ, ಪಕ್ಕದ ಹೋಟೆಲಿನ ಗೋಳಿಬಜೆಯ ಘಮ. ಬಾಗಿಲು ದೂಡಿ ಒಳಗೆ ಕಾಲಿಟ್ಟರೆ ಇದೆಲ್ಲ ಒಮ್ಮೆಲೇ ನಿಂತು ತಣ್ಣಗಿನ ಗಾಳಿ ಮುಖಕ್ಕೆ ತಾಗುತ್ತದೆ. ಆ ಗಾಳಿಯಲ್ಲಿ ಬಿಸಿಯಾದ ವಯರಿನದ್ದೂ ಕಾಗದದ ಧೂಳಿನದ್ದೂ ಕೂಡಿದ ಒಂದು ಒಣ ವಾಸನೆ. ಉಳಿದವರಿಗೆ ಅದು ವಾಸನೆ ಅಂತಲೇ ಅನ್ನಿಸಲಿಕ್ಕಿಲ್ಲ. ನನಗೆ ಮಾತ್ರ ಅದು ಮೂಗಿಗೆ ಬಡಿದರೆ ಸ್ವೆಟರ್ ಎಲ್ಲಿ ಎಂದು ಕೈ ಹುಡುಕುತ್ತದೆ. ಪುತ್ತೂರಿನಲ್ಲಿ ಸ್ವೆಟರ್! ಯಾಕೆಂದು ನಿಧಾನವಾಗಿ ಹೇಳುತ್ತೇನೆ. ಅವಸರ ಇರುವವರು ಇಂಥದ್ದನ್ನೆಲ್ಲ ಓದಲು ಕೂರುವುದಿಲ್ಲ, ಹಾಗಾಗಿ ನಿಮ್ಮ ಬಗ್ಗೆ ನನಗೆ ಧೈರ್ಯ ಉಂಟು.

ಮೊನ್ನೆ ಆ ಯಂತ್ರ ನನ್ನ ಕಾರ್ಡನ್ನು ನುಂಗಿತು, ಕೇಳಬೇಕಾದ್ದನ್ನೆಲ್ಲ ಕೇಳಿತು, ಹೊಟ್ಟೆಯೊಳಗೆ ಗೊರಗೊರ ಸದ್ದು ಮಾಡಿತು, ಮತ್ತೆ ಕಾರ್ಡನ್ನು ಮಾತ್ರ ಹೊರಗೆ ದೂಡಿತು. 'ವ್ಯವಹಾರ ಪೂರ್ಣಗೊಂಡಿಲ್ಲ. ದಯವಿಟ್ಟು ಮೊದಲಿನಿಂದ ಪ್ರಯತ್ನಿಸಿ' ಎಂದು ಪರದೆಯಲ್ಲಿ ಬಂತು. ನನ್ನ ಹಿಂದೆ ನಿಂತವರಿಗೆ ನನಗಿಂತ ಹೆಚ್ಚು ಕುತೂಹಲ.

"ಹಣ ಬಂತಾ ಮಾರಾಯ್ರೆ?"

"ಇಲ್ಲ."

"ಹಾಗಾದ್ರೆ ಪುನಃ ಒತ್ತಿ. ಎಂತ ಆಗುದಿಲ್ಲ."

"ಒತ್ತಬೇಡಿ," ಎಂದರು ಅವರ ಹಿಂದಿದ್ದ ಹೆಂಗಸು. "ನಮ್ಮ ಭಾವ ಹೀಗೇ ಒತ್ತಿ ಖಾತೆಯಿಂದ ಎರಡು ಸಲ ಹಣ ಕಟ್ ಆಗಿದೆ. ಬ್ಯಾಂಕಿಗೆ ತಿರುಗಿ ತಿರುಗಿ ಚಪ್ಪಲಿ ಸವೆದದ್ದೇ ಬಂತು."

ನಾನು ಒತ್ತಲೂ ಇಲ್ಲ, ಹೊರಗೆ ಬರಲೂ ಇಲ್ಲ. ಕೈ ಕಟ್ಟಿ ಸುಮ್ಮನೆ ನಿಂತೆ. ಮುದುಕನಿಗೆ ತಲೆ ಓಡುವುದಿಲ್ಲ ಎಂದು ಅವರು ತಿಳಿದುಕೊಂಡಿರಬೇಕು. ಆದರೆ ನನ್ನ ದುಡಿಮೆಯ ವರ್ಷಗಳೆಲ್ಲ ಕಳೆದದ್ದು ಈ ಒಂದು ಪ್ರಶ್ನೆಯ ಎದುರಿಗೆ. ನಡುವೆ ನಿಂತುಹೋದ ಕೆಲಸವನ್ನು ಎಲ್ಲಿಂದ ಶುರು ಮಾಡಬೇಕು? ಮೊದಲಿನಿಂದಲೋ, ನಿಂತಲ್ಲಿಂದಲೋ?

ನಾನು ಕೊಲ್ಲಿಯ ಒಂದು ಬ್ಯಾಂಕಿನಲ್ಲಿ ಮೇನ್‌ಫ್ರೇಮ್ ಆಪರೇಟರ್ ಆಗಿದ್ದೆ. ಮೇನ್‌ಫ್ರೇಮ್ ಎಂದರೆ ನಿಮ್ಮ ಮೇಜಿನ ಮೇಲೆ ಕೂರುವ ಕಂಪ್ಯೂಟರ್ ಅಲ್ಲ. ಸಾಲಾಗಿ ನಿಲ್ಲಿಸಿದ ಗೋದ್ರೇಜ್ ಕಪಾಟುಗಳ ಹಾಗೆ ಒಂದು ಕೋಣೆ ತುಂಬ ಇರುವ ಯಂತ್ರ. ಅದಕ್ಕೆ ಸೆಕೆ ಆಗಬಾರದೆಂದು ಕೋಣೆಯನ್ನು ಸದಾ ತಣ್ಣಗೆ ಇಡುತ್ತಿದ್ದರು. ಹೊರಗೆ ಮರಳು ಕಾಯುವ ಬಿಸಿಲು, ಒಳಗೆ ನಾವು ಸ್ವೆಟರ್ ಹಾಕಿಕೊಂಡು ಮೂಗು ಸೋರಿಸುತ್ತಾ ಕೂತಿರುವುದು. ಮಧ್ಯಾಹ್ನ ಬ್ಯಾಂಕು ಗಿರಾಕಿಗಳಿಗೆ ಬಾಗಿಲು ಹಾಕಿದ ಮೇಲೆ ನಮ್ಮ ಕೆಲಸ ಶುರು. ಆ ದಿನದ ವ್ಯವಹಾರವನ್ನೆಲ್ಲ ಖಾತೆಗಳಿಗೆ ಏರಿಸುವ, ತಿಂಗಳ ಕೊನೆಯಾದರೆ ಬಡ್ಡಿ ಸೇರಿಸುವ ಕೆಲಸ. ಒಂದರ ಹಿಂದೆ ಒಂದು ಖಾತೆ, ಗಂಟೆಗಟ್ಟಲೆ. ಇದಕ್ಕೆ ನಾವು ಬ್ಯಾಚ್ ಎನ್ನುತ್ತಿದ್ದೆವು, ಅದರೊಳಗಿನ ಒಂದೊಂದು ಕೆಲಸಕ್ಕೆ ಜಾಬ್ ಎನ್ನುತ್ತಿದ್ದೆವು. ಜಾಬ್ ನಡುವೆ ಕೆಟ್ಟು ನಿಂತರೆ 'ಬಿತ್ತು' ಎನ್ನುತ್ತಿದ್ದೆವು.

ಬಿದ್ದರೆ ಎಂತ ಕಷ್ಟ ಎಂದು ನೀವು ಕೇಳಬಹುದು, ಪುನಃ ಓಡಿಸಿದರಾಯಿತಲ್ಲ. ನಮ್ಮ ಕಡೆಯ ಮದುವೆ ಅಡಿಗೆಯನ್ನು ನೆನಪು ಮಾಡಿಕೊಳ್ಳಿ. ಸಾಂಬಾರಿನ ಕೊಪ್ಪರಿಗೆಯ ಹತ್ತಿರ ನಿಂತವನನ್ನು ಯಾರೋ ಕರೆದರು, ಅವನು ಹೋದ. ಇನ್ನೊಬ್ಬ ಬಂದು ಸೌಟು ಹಿಡಿದ. ಉಪ್ಪು ಹಾಕಿ ಆಗಿದೆಯಾ ಇಲ್ಲವಾ? ಹಾಕದಿದ್ದರೆ ಸಪ್ಪೆ, ಎರಡು ಸಲ ಹಾಕಿದರೆ ಇಡೀ ಕೊಪ್ಪರಿಗೆಯನ್ನು ತೋಡಿಗೆ ಚೆಲ್ಲಬೇಕು. ನಮ್ಮಲ್ಲಿಯೂ ಅಷ್ಟೇ. ಅರ್ಧ ಖಾತೆಗಳಿಗೆ ಬಡ್ಡಿ ಸೇರಿ ಆದ ಮೇಲೆ ಜಾಬ್ ಬಿದ್ದರೆ, ಮೊದಲಿನಿಂದ ಓಡಿಸಿದಾಗ ಆ ಅರ್ಧಕ್ಕೆ ಎರಡನೇ ಸಲ ಬಡ್ಡಿ. ಹಾಗಾಗದಂತೆ ಆದದ್ದನ್ನೆಲ್ಲ ಮೊದಲು ಅಳಿಸಬೇಕು, ಹಳೆಯ ಪ್ರತಿ ತಂದು ಹಾಕಬೇಕು, ಮತ್ತೆ ಮೊದಲಿನಿಂದ ಹೊರಡಬೇಕು. ದಿನ ಮುಗಿಯುವ ಹೊತ್ತಿಗೆ ಬಿದ್ದರೆ ಅಳಲಿಕ್ಕೇ ಬರುತ್ತಿತ್ತು.

ಆಮೇಲೆ ಚೆಕ್‌ಪಾಯಿಂಟ್ ಎಂಬ ಉಪಕಾರಿ ಬಂತು. ಜಾಬ್ ಓಡುತ್ತಾ ಇರುವಾಗ ಇಷ್ಟಿಷ್ಟು ಖಾತೆಗೊಮ್ಮೆ 'ಇಲ್ಲಿವರೆಗೆ ಆಯ್ತು' ಎಂದು ಗುರುತು ಹಾಕಿಕೊಳ್ಳುವ ಟೂಲ್. ಬಿದ್ದರೆ ಕೊನೆಯ ಗುರುತಿನಿಂದ ಎಬ್ಬಿಸಿದರೆ ಸಾಕು. ಹಿಂದಿನದ್ದನ್ನು ಮುಟ್ಟುವುದಿಲ್ಲ, ದಾಟಿ ಮುಂದೆ ಹೋಗುತ್ತದೆ. ಅದನ್ನು ನಮಗೆ ಕಲಿಸಿದವರು ಉಸ್ಮಾನಾಕ.

ಉಸ್ಮಾನಾಕ, ಅಂದರೆ ಉಸ್ಮಾನಣ್ಣ, ಪುತ್ತೂರಿನಿಂದ ಸುಳ್ಯಕ್ಕೆ ಹೋಗುವ ದಾರಿಯಲ್ಲಿರುವ ಕುಂಬ್ರದವರು. ನನಗಿಂತ ಹಿರಿಯ ಆಪರೇಟರ್, ಹಾಗೂ ನನ್ನ ರೂಮಿನವರು. ನಾನು ಮೀನು ತಿನ್ನದವನೆಂದು ಗೊತ್ತಾದ ದಿನವೇ ಒಂದು ಬೇರೆ ಕುಕ್ಕರ್ ತಂದು, ಅದಕ್ಕೆ ಬೇರೆಯವರು ಕೈ ಹಾಕಿದರೆ ಕೈ ಮುರಿಯುತ್ತೇನೆ ಎಂದು ಉಳಿದಿಬ್ಬರು ಮಲಯಾಳಿಗಳಿಗೆ ಅವರದ್ದೇ ಭಾಷೆಯಲ್ಲಿ ಹೇಳಿದವರು. ದೊಡ್ಡ ಮೈ, ಸಣ್ಣ ದನಿ. ಅವರಿಗೆ ಆ ಟೂಲ್ ಎಷ್ಟು ಹಿಡಿಸಿತೆಂದರೆ ಅದು ಯಂತ್ರದ ಕೋಣೆ ಬಿಟ್ಟು ನಮ್ಮ ರೂಮಿಗೂ ಬಂತು. "ಆದದ್ದನ್ನು ಮತ್ತೆ ಓಡಿಸಬಾರದು" ಎನ್ನುವುದು ಅವರ ಬಾಯಿಪಾಠ. ಶುಕ್ರವಾರ ನಾವು ಕ್ಯಾಸೆಟ್ ಹಾಕಿ ಸಿನಿಮಾ ನೋಡುವುದು. ನಮಾಜಿಗೆ ಹೊತ್ತಾಯಿತೆಂದು ನಡುವೆ ನಿಲ್ಲಿಸಿದರೆ ಮುಂದಿನ ಶುಕ್ರವಾರ ಸರಿಯಾಗಿ ಅಲ್ಲಿಂದಲೇ ಶುರು. ಕೊಂದವನು ಯಾರು, ಸತ್ತವನು ಯಾರೆಂದು ಉಳಿದ ಮೂವರಿಗೂ ಮರೆತಿರುತ್ತಿತ್ತು. ಸ್ವಲ್ಪ ಹಿಂದೆ ತಿರುಗಿಸಿ ಎಂದರೆ ಕೇಳುವ ಜನ ಅಲ್ಲ. "ಅದು ನೋಡಿ ಆಗಿದೆ ಮಾರಾಯ" ಎನ್ನುವುದು. ಹೇಳಿದ ತಮಾಷೆಯನ್ನು ಇನ್ನೊಮ್ಮೆ ಹೇಳಿ ಎಂದರೂ ಅದೇ ಉತ್ತರ.

ಆ ಟೂಲಿಗೂ ಒಂದು ಕೊರತೆ ಇತ್ತು ಎನ್ನುವುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಅದಕ್ಕೆ ತಾನು ಎಲ್ಲಿ ನಿಂತೆ ಎಂದು ಗೊತ್ತು, ತಾನು ನಿಂತಿದ್ದಾಗ ಹೊರಗೆ ಎಂತ ಆಯಿತೆಂದು ಗೊತ್ತಿಲ್ಲ. ಒಮ್ಮೆ ಜಾಬ್ ಬಿದ್ದಿತ್ತು. ಫೈಲಿನ ಆರಂಭದಲ್ಲಿದ್ದ ಒಂದು ಕೆಟ್ಟ ದಾಖಲೆಯನ್ನು ಒಬ್ಬ ಪ್ರೋಗ್ರಾಮರ್ ತೆಗೆದುಹಾಕಿ 'ಇನ್ನು ಎಬ್ಬಿಸಿ' ಎಂದ. ಎಬ್ಬಿಸಿದೆವು. ಟೂಲ್ ತನ್ನ ಗುರುತಿನ ಪ್ರಕಾರ ಎಣಿಸಿ ದಾಟಿತು. ಆದರೆ ಸಾಲಿನಲ್ಲಿ ಒಂದು ಕಡಿಮೆಯಾಗಿತ್ತಲ್ಲ, ಹಾಗಾಗಿ ಇನ್ನೂ ಮುಟ್ಟದೇ ಇದ್ದ ಒಂದು ಖಾತೆಯನ್ನೂ ಆದದ್ದೆಂದು ತಿಳಿದು ದಾಟಿಬಿಟ್ಟಿತು. ಜಾಬ್ ಚಂದದಲ್ಲಿ ಮುಗಿಯಿತು, ಎಲ್ಲಿಯೂ ಕೆಂಪು ಅಕ್ಷರ ಬರಲಿಲ್ಲ. ಆ ಖಾತೆಯವನು ಬಂದು ಕೇಳಿದ ಮೇಲೆಯೇ ನಮಗೆ ಗೊತ್ತಾದದ್ದು.

ಇನ್ನು ಐಸಮ್ಮನ ವಿಷಯ. ಐಸಮ್ಮ ಉಸ್ಮಾನಾಕನ ಹೆಂಡತಿ. ಕುಂಬ್ರದಲ್ಲಿ ಅತ್ತೆಯ ಜೊತೆ, ಒಬ್ಬ ಸಣ್ಣ ಮಗನನ್ನು ಇಟ್ಟುಕೊಂಡು ಇದ್ದರು. ನಮಗೆಲ್ಲ ಎರಡು ವರ್ಷಕ್ಕೊಮ್ಮೆ ಊರಿಗೆ ರಜೆ, ಪಾಸ್‌ಪೋರ್ಟು ಬ್ಯಾಂಕಿನವರ ಕಪಾಟಿನಲ್ಲಿ, ನಡುವೆ ಹೋಗುವ ಹಾಗಿಲ್ಲ. ಒಂದು ರಜೆ ಮುಗಿಸಿ ಉಸ್ಮಾನಾಕ ತಿರುಗಿ ಬಂದ ಮೇಲೆ ಐಸಮ್ಮನಿಗೆ ಹೆಣ್ಣು ಮಗು ಆಯಿತು. ಸಫಿಯ ಎಂದು ಹೆಸರಿಟ್ಟರು. ಉಸ್ಮಾನಾಕ ಇಡೀ ರೂಮಿಗೆ ಹಲ್ವ ಹಂಚಿದರು. ಸಣ್ಣ ಮಗುವಿನ ಫೋಟೋ ತೆಗೆಸಿದರೆ ದೃಷ್ಟಿ ಆಗುತ್ತದೆಂದು ಅತ್ತೆ ಬಿಡಲಿಲ್ಲವಂತೆ. ಹಾಗಾಗಿ ಅವರು ಮಗಳ ಮುಖ ನೋಡಿರಲಿಲ್ಲ.

ಒಂದು ತಿಂಗಳ ಕೊನೆಯ ಬ್ಯಾಚ್ ಓಡುತ್ತಿರುವಾಗ ಗೋಡೆಯ ಫೋನು ಹೊಡೆದುಕೊಂಡಿತು. ಪುತ್ತೂರಿನ ಎಸ್‌ಟಿಡಿ ಬೂತಿನಿಂದ ಅವರ ಭಾವ. ಉಸ್ಮಾನಾಕ ಕೇಳಿದರು, ಸಣ್ಣ ದನಿಯಲ್ಲಿ ಒಂದು ಪ್ರಾರ್ಥನೆ ಹೇಳಿದರು, ಫೋನ್ ಇಟ್ಟರು. ಬಂದು ಪರದೆಯ ಎದುರು ಕೂತರು.

"ಎಂತ ಉಸ್ಮಾನಾಕ?"

"ಸಣ್ಣದು ಹೋಯ್ತಂತೆ. ಜ್ವರ ಇತ್ತಂತೆ."

ನೀವು ರೂಮಿಗೆ ಹೋಗಿ, ನಾನು ನೋಡಿಕೊಳ್ಳುತ್ತೇನೆ ಎಂದೆ. ಅವರು ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಹೋಗಿ ಎಂತ ಮಾಡುದು? ಬಡ್ಡಿಯದ್ದು ಓಡ್ತಾ ಉಂಟಲ್ಲ" ಎಂದರು. ಜಾಬ್ ಮುಗಿಯುವವರೆಗೆ ಕೂತರು. ಅದು ಆ ದಿನ ಬೀಳಲಿಲ್ಲ. ಬಿದ್ದಿದ್ದರೆ ಒಳ್ಳೆಯದಿತ್ತೋ ಏನೋ, ಬೈಯಲಿಕ್ಕಾದರೂ ಎಂತಾದರೂ ಸಿಗುತ್ತಿತ್ತು.

ನನ್ನ ರಜೆ ಹತ್ತಿರ ಬಂದಿತ್ತು. ನಮ್ಮಲ್ಲಿ ಒಂದು ಕ್ರಮ: ಯಾರು ಊರಿಗೆ ಹೋದರೂ ಉಳಿದವರ ಮನೆಗೆ ಪೆಟ್ಟಿಗೆ ಹೊರಬೇಕು. ಉಸ್ಮಾನಾಕ ತಮ್ಮ ಪೆಟ್ಟಿಗೆಯನ್ನು ಆ ಫೋನ್ ಬರುವ ಮೊದಲೇ ಕಟ್ಟಿ ಇಟ್ಟಿದ್ದರು. ಸಾಬೂನು, ಹಾಲಿನ ಹುಡಿ, ತಾಯಿಗೆ ಕಂಬಳಿ, ಮಗಳಿಗೊಂದು ಅಂಗಿ. ಅಂಗಿಯನ್ನು ತೆಗೆಯುವುದಲ್ಲವಾ ಎಂದು ನಾನು ಕೇಳಿದೆ. ಅವರು ಪೆಟ್ಟಿಗೆಯನ್ನು ಒಮ್ಮೆ ನೋಡಿ, "ಟೇಪು ಹಾಕಿ ಆಗಿದೆ" ಎಂದರು.

ಕುಂಬ್ರದ ಅವರ ಮನೆಯ ಚಾವಡಿಯಲ್ಲಿ ಐಸಮ್ಮ ನನ್ನ ಎದುರಿಗೇ ಆ ಪೆಟ್ಟಿಗೆ ಬಿಚ್ಚಿದರು. ಅಂಗಿ ಕೈಗೆ ಬಂದಾಗ ತಲೆ ಎತ್ತಿದರು.

"ಅಣ್ಣ, ಇದು ಇಟ್ಟದ್ದು ಸುದ್ದಿ ಸಿಗುವ ಮೊದಲಾ, ಮತ್ತೆಯಾ?"

"ಮೊದಲು."

ಅದನ್ನು ಮಡಚಿ ಮಡಿಲಲ್ಲಿ ಇಟ್ಟುಕೊಂಡರು. "ಅವರು ಅವಳ ಬಗ್ಗೆ ಎಂತಾದ್ರೂ ಕೇಳಿದ್ರಾ?"

"ತುಂಬ ಬೇಸರದಲ್ಲಿ ಇದ್ದಾರೆ," ಎಂದೆ.

"ಅದಲ್ಲ. ಕೇಳಿದ್ರಾ?"

ಇಲ್ಲ ಎಂದೆ. ಐಸಮ್ಮ ಅಳಲಿಲ್ಲ. "ಬಂದಾಗ ಕೇಳ್ತಾರೆ" ಎಂದರು. "ಫೋನಲ್ಲಿ ಎಷ್ಟು ಅಂತ ಹೇಳುದು. ಅವಳು ಹೇಗೆ ನಗಾಡಿದ್ಲು, ಹೇಗೆ ತೆವಳಿದ್ಲು, ಎಲ್ಲ ನೆನಪು ಇಟ್ಟಿದ್ದೇನೆ, ಹೇಳ್ಲಿಕ್ಕೆ." ಬೇರೆ ಯಾರಿಗೂ ಅವರು ಅದನ್ನು ಹೇಳಿರಲಿಲ್ಲ. ಮೊದಲು ಹೇಳಬೇಕಾದ್ದು ಮಗುವಿನ ಅಪ್ಪನಿಗೆ ಎಂಬುದು ಅವರ ಲೆಕ್ಕ. ಅವರಿಗೆ ಬೇಕಾದದ್ದು ಅಷ್ಟೇ, ಗಂಡ ಒಮ್ಮೆ ಕೇಳಬೇಕು.

ಮರುವರ್ಷ ಉಸ್ಮಾನಾಕ ರಜೆಗೆ ಹೋದರು, ಬಂದರು. ಹಲಸಿನ ಹಪ್ಪಳ ತಂದರು, ನನಗೆಂದು ಮಾವಿನ ಮಿಡಿ ಉಪ್ಪಿನಕಾಯಿ ಬೇರೆ ಭರಣಿಯಲ್ಲಿ. ಬಾವಿಗೆ ಸಿಮೆಂಟಿನ ರಿಂಗ್ ಇಳಿಸಿದ್ದು, ಅಡಿಗೆಮನೆಯ ಮಾಡು ಹೊದಿಸಿದ್ದು ಎಲ್ಲ ಹೇಳಿದರು. ಹಿಂದಿನ ರಜೆಯಲ್ಲಿ ಅರ್ಧ ಬಿಟ್ಟುಬಂದ ಕೆಲಸಗಳು ಅವು. ನಾನು ತಡೆಯಲಾರದೆ ಕೇಳಿದೆ.

"ಐಸಮ್ಮನ ಹತ್ತಿರ ಸಫಿಯನ ವಿಷಯ ಮಾತಾಡಿದಿರಾ?"

ಅವರು ಹಪ್ಪಳದ ಕಟ್ಟಿನ ದಾರ ಬಿಚ್ಚುತ್ತಿದ್ದರು. "ಇಲ್ಲ ಮಾರಾಯ. ಅವಳು ಒಬ್ಬಳೇ ಅದನ್ನು ದಾಟಿ ಬಂದಿದ್ದಾಳೆ. ನಾನು ಕೇಳಿದ್ರೆ ಅವಳಿಗೆ ಪುನಃ ಮೊದಲಿಂದ ಆಗ್ತದೆ. ಆದದ್ದನ್ನು ಯಾಕೆ ಮತ್ತೆ ಓಡಿಸುದು?"

ನೀವು ಕೇಳಬೇಕೆಂದೇ ಐಸಮ್ಮ ಕಾಯುತ್ತಿದ್ದಾರೆ ಎಂದೆ. "ನಿನಗೆ ಗೊತ್ತಾಗುದಿಲ್ಲ," ಎಂದರು. ಕಲ್ಲೆದೆಯವರಾಗಿದ್ದರೆ ಅವರನ್ನು ನಾಲ್ಕು ಮಾತು ಬೈದು ಸುಮ್ಮನಾಗಬಹುದಿತ್ತು. ಹಾಗಲ್ಲ, ಪ್ರೀತಿಯಿಂದಲೇ ಕೇಳಲಿಲ್ಲ. ಹೆಂಡತಿಗೆ ಎರಡನೇ ಸಲ ಆ ದುಃಖ ಬೀಳಬಾರದೆಂದು ಆಪರೇಟರಿನ ಎಚ್ಚರದಲ್ಲಿ ಕಾದರು. ಇಂಥ ತಪ್ಪನ್ನು ನಮ್ಮ ಕಸುಬಿನವರೇ ಮಾಡಬೇಕು. ಬೇರೆ ಗಂಡಸರು ಮರೆತು ಸುಮ್ಮನಿರುತ್ತಾರೆ, ಇವರು ನೆನಪಿಟ್ಟುಕೊಂಡು ಸುಮ್ಮನಿದ್ದರು.

ಮತ್ತೆ ರಜೆಗಳು ಬಂದವು, ಹೋದವು. ಅವರಿಗೆ ಇನ್ನೆರಡು ಮಕ್ಕಳಾದರು. ಒಮ್ಮೆ ಪುತ್ತೂರಿನ ಡಾಕ್ಟರರಲ್ಲಿ ಕಾಯುವಾಗ ಐಸಮ್ಮ ನನ್ನ ಹೆಂಡತಿಗೆ ಸಿಕ್ಕಿ ಹೇಳಿದರಂತೆ: "ಇವರು ಬಂದಾಗ ಹೋದ ಸಲ ಬಿಟ್ಟಲ್ಲಿಂದ ಮಾತು ಶುರು ಮಾಡುದು. ನಡುವಿನ ಎರಡು ವರ್ಷ ನಂಗೆ ಮಾತ್ರ ಆದದ್ದು." ನನ್ನ ಹೆಂಡತಿ ಅದನ್ನು ನನಗೆ ಹೇಳುವಾಗ ನನ್ನ ಮುಖ ನೋಡಲಿಲ್ಲ. ಆಗ ನನಗೆ ಅದು ಐಸಮ್ಮನ ಸುದ್ದಿಯಾಗಿ ಮಾತ್ರ ಕೇಳಿಸಿತು.

ಈಗ ನಾವಿಬ್ಬರೂ ಊರಿನಲ್ಲಿ. ನಾನು ಪುತ್ತೂರಿನಲ್ಲಿ ಮಂಡಿನೋವಿಗೆ ಎಣ್ಣೆ ತಿಕ್ಕಿಕೊಂಡು, ಉಸ್ಮಾನಾಕ ಕುಂಬ್ರದಲ್ಲಿ ಸಕ್ಕರೆ ಇಲ್ಲದ ಚಾ ಕುಡಿದುಕೊಂಡು. ಮೊನ್ನೆ ಎಟಿಎಮ್ಮಿನಿಂದ ಹೊರಗೆ ಬಂದವನಿಗೆ ಮನೆಗೆ ಹೋಗಲು ಮನಸ್ಸಾಗಲಿಲ್ಲ. ಆ ವಾಸನೆ ಇನ್ನೂ ಮೂಗಿನಲ್ಲಿತ್ತು. ಸುಳ್ಯದ ಬಸ್ಸು ನಿಂತಿತ್ತು, ಹತ್ತಿ ಕುಂಬ್ರದಲ್ಲಿ ಇಳಿದೆ.

ಚಾವಡಿಯಲ್ಲಿ ಕೂತು ಎಟಿಎಮ್ಮಿನ ಕತೆ ಹೇಳಿದೆ. ಉಸ್ಮಾನಾಕನ ಕಣ್ಣಿಗೆ ಹಳೆಯ ಕಳೆ ಬಂತು. ಹಣ ಒಳಗೆ ಎಣಿಸಿ ಆಗಿದ್ದರೆ ಹೀಗೆ, ಆಗದಿದ್ದರೆ ಹಾಗೆ ಎಂದು ಶುರು ಮಾಡಿ, "ನೀನು ಪುನಃ ಮುಟ್ಟದೆ ಇದ್ದದ್ದು ಒಳ್ಳೆಯದಾಯ್ತು. ಅದು ಆಗಿರ್ತದೆ. ಆದದ್ದನ್ನು ಮತ್ತೆ ಓಡಿಸಬಾರದು" ಎಂದು ತೀರ್ಪು ಕೊಟ್ಟರು.

ಐಸಮ್ಮ ಬಾಗಿಲ ಹತ್ತಿರ ಚಾ ಹಿಡಿದು ನಿಂತಿದ್ದರು. "ಅಣ್ಣ, ಖಾತೆಯಿಂದ ಹಣ ಹೋಗಿದ್ಯಾ ಇಲ್ವಾ ಅಂತ ಬ್ಯಾಂಕಿನಲ್ಲಿ ಕೇಳಿ ಆಯ್ತಾ?"

"ಇಲ್ಲ, ಇನ್ನು ಕೇಳ್ಬೇಕಷ್ಟೆ."

"ಕೇಳಿ. ಕೇಳದೆ ಆಗಿದೆ ಅಂತ ಹೇಳುದು ಇವರ ಅಭ್ಯಾಸ."

ಅದರಲ್ಲಿ ಸಿಟ್ಟಿರಲಿಲ್ಲ. ಲೋಟ ಕೊಟ್ಟು ಒಳಗೆ ಹೊರಟರು. ಉಸ್ಮಾನಾಕ ಚಾ ಬಾಯಿಗೆ ತಂದವರು ಹಾಗೆಯೇ ಕೆಳಗೆ ಇಟ್ಟರು. ರಸ್ತೆಯಲ್ಲಿ ಒಂದು ಲಾರಿ ಹೋಯಿತು, ಅದರ ಸದ್ದು ಪೂರಾ ಕಡಿಮೆಯಾಗುವವರೆಗೆ ಅವರು ಅಂಗಳ ನೋಡುತ್ತಿದ್ದರು. ಎದ್ದು ಹೋಗಬೇಕೆಂದು ನನಗೆ ಅನ್ನಿಸಿತು, ಏಳಲಾಗಲಿಲ್ಲ.

"ಐಸಮ್ಮ," ಎಂದು ಕರೆದರು. ತಮ್ಮ ಮನೆಮಾತಾದ ಬ್ಯಾರಿ ಭಾಷೆಯಲ್ಲಿ ಕೇಳಿದರು. ಅಷ್ಟು ವರ್ಷ ಒಂದೇ ರೂಮಿನಲ್ಲಿ ಇದ್ದ ನನಗೆ ಅದು ಅರ್ಥವಾಗುತ್ತದೆ. "ಸಫಿಯನಿಗೆ ಹಲ್ಲು ಬಂದಿತ್ತಾ?"

ಐಸಮ್ಮ ತಿರುಗಿದರು. ಬಾಗಿಲ ಚೌಕಟ್ಟು ಹಿಡಿದುಕೊಂಡರು.

"ಎರಡು," ಎಂದರು. "ಕೆಳಗೆ."

ಮತ್ತೆ ಹೊಸ್ತಿಲ ಮೇಲೆಯೇ ಕೂತು ಹೇಳಲು ಶುರು ಮಾಡಿದರು. ಹೆತ್ತ ದಿನದಿಂದ ಶುರು ಮಾಡಿದರು. ಜೀಪು ಸಿಗದೆ ಆಸ್ಪತ್ರೆಗೆ ಹೋಗುವುದು ತಡವಾದದ್ದು, ಮಗು ಅಜ್ಜಿಯ ಜಪಮಣಿ ಎಳೆಯುತ್ತಿದ್ದದ್ದು, ತೆವಳುವಾಗ ಒಂದು ಕಾಲನ್ನು ಮಾತ್ರ ಎಳೆಯುತ್ತಿದ್ದದ್ದು, ಜ್ವರ ಬಂದ ದಿನ ಬೆಳಿಗ್ಗೆ ನಗಾಡುತ್ತಾ ಇದ್ದದ್ದು. ಹೇಳುತ್ತಾ ಹೇಳುತ್ತಾ ಐಸಮ್ಮ ಒಂದು ಕಡೆ ತಡೆದರು. ಕಣ್ಣು ಮುಚ್ಚಿದರು, ತೆರೆದರು.

"ಮುಖ ಬರುದಿಲ್ಲ," ಎಂದರು. "ಎಲ್ಲ ಉಂಟು, ಮುಖ ಮಾತ್ರ ಬರುದಿಲ್ಲ. ನೀವು ಆಗ ಕೇಳಿದ್ರೆ ಹೇಳ್ತಿದ್ದೆ. ಆಗ ಇತ್ತು."

ಉಸ್ಮಾನಾಕ ತಲೆ ತಗ್ಗಿಸಿದರು. ಆ ದೊಡ್ಡ ಮೈ ಅಲುಗುತ್ತಿತ್ತು. ಆ ಫೋನ್ ಬಂದ ದಿನ ಕೂಡ ಅವರು ಅತ್ತದ್ದನ್ನು ನಾನು ನೋಡಿರಲಿಲ್ಲ. ಐಸಮ್ಮ ಎದ್ದು ಬಂದು ಅವರ ಪಕ್ಕದಲ್ಲಿ ಕೂತರು, ಬಿಟ್ಟಲ್ಲಿಂದ ಮುಂದೆ ಹೇಳಿದರು. ನಾನು ಚಪ್ಪಲಿ ಹಾಕಿಕೊಂಡು, ಬರುತ್ತೇನೆ ಎಂದು ಹೇಳದೆ ರಸ್ತೆಗೆ ಇಳಿದೆ. ಇಬ್ಬರಿಗೂ ಅದು ಗೊತ್ತಾಗಲಿಲ್ಲ.

ಮನೆಗೆ ಬರುವಾಗ ಸಂಜೆಯಾಗಿತ್ತು. ಹೆಂಡತಿ ಅಡಿಗೆಮನೆಯಲ್ಲಿ ಒಗ್ಗರಣೆಗೆ ಇಟ್ಟಿದ್ದಳು, ಸಾಸಿವೆ ಇನ್ನೂ ಸಿಡಿದಿರಲಿಲ್ಲ. ಹಣ ತಂದಿರಾ ಎಂದು ಕೇಳಿದಳು. ನಾನು ಸ್ಟೂಲ್ ಎಳೆದು ಅಲ್ಲಿಯೇ ಕೂತೆ.

"ನಾನು ಗಲ್ಫಿನಲ್ಲಿ ಇದ್ದಾಗ ಇಲ್ಲಿ ಎಂತೆಲ್ಲ ಆಯ್ತು?" ಎಂದು ಕೇಳಿದೆ.

ಅವಳು ನನ್ನನ್ನು ನೋಡಿದಳು. ಮತ್ತೆ ಕೈ ಚಾಚಿ ಒಲೆ ಆರಿಸಿದಳು.